ಹಳೆಯ ಆಟ, ಹವ್ಯಾಸಿಗಳ ಮೇಳ

ಮೇಳವೆಂದೊಡನೆ ಮೈದಾನ, ಚಪ್ಪರ, ಸಾಲು ಮಳಿಗೆ, ನೂಕುನುಗ್ಗಲು ಕಣ್ಣಮುಂದೆ ಬರುತ್ತವೆ. ಇವು ಯಾವುವೂ ಇಲ್ಲದ ಮೇಳವೊಂದು 2000ದಿಂದ ಅಂತರಜಾಲದಲ್ಲಿ ನಡೆದುಬಂದಿದೆ. ಅದರ ಹೆಸರು ‘ಸೋನಿಕ್ ಅಮೆಚೂರ್ ಗೇಮ್ಸ್ ಎಕ್ಸ್‌ಪೋ’. ಬಲ್ಲವರ ಬಾಯಲ್ಲಿ ಚುಟುಕಾಗಿ ‘ಸೇಜ್’. ಜಪಾನಿನ ಸೆಗಾ ಕಂಪನಿ 1991ರಲ್ಲಿ ಹೊರತಂದ ‘ಸೋನಿಕ್ ದ ಹೆಜ್‌ಹಾಗ್’ ಎಂಬ ವಿಡಿಯೋ ಗೇಮಿನ ಅಭಿಮಾನಿಗಳು, ಅದೇ ಧಾಟಿಯಲ್ಲಿ ತಾವು ತಯಾರಿಸಿದ ಆಟಗಳನ್ನು ಇಲ್ಲಿ ಲೋಕದ ಮುಂದಿಡುತ್ತಾರೆ. ಈಚಿನ ವರ್ಷಗಳಲ್ಲಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಇದು ನಡೆಯುತ್ತದೆ. ಒಂದೊಂದು ಆಟಕ್ಕೂ ಒಂದೊಂದು ‘ಮಳಿಗೆ’. ಅಂದರೆ ಒಂದು ಪುಟ. ಅಲ್ಲಿ ಆಟದ ಚಿತ್ರಗಳು, ನಾಲ್ಕು ಸಾಲಿನ ವಿವರಣೆ, ಆಟವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಒಂದು ಕೊಂಡಿ. ನೋಡುವವರು ಶುಲ್ಕ ಕೊಡಬೇಕಾಗಿಲ್ಲ. ನಡೆಸುವವರೆಲ್ಲರೂ ಸ್ವಯಂಸೇವಕರು.

ಹೆಸರಿನಲ್ಲಿರುವ ‘ಅಮೆಚೂರ್’ ಪದಕ್ಕೆ ಕನ್ನಡದಲ್ಲಿ ಸರಿಹೊಂದುವ ಮಾತು ‘ಹವ್ಯಾಸಿ’. ವೃತ್ತಿ ನಾಟಕ ಕಂಪನಿಗಳ ಜೊತೆಜೊತೆಗೇ ಹವ್ಯಾಸಿ ರಂಗತಂಡಗಳು ಬೆಳೆದ ನಾಡಿನವರಿಗೆ ಆ ಪದದ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗಲು ಹೊಟ್ಟೆಪಾಡಿನ ಕೆಲಸ, ಸಂಜೆ ತಾಲೀಮು. ಸಂಬಳವಿಲ್ಲ, ಹಾಗೆಂದು ಶ್ರದ್ಧೆಗೆ ಕೊರತೆಯಿಲ್ಲ.

ಮೇಲ್ನೋಟಕ್ಕೆ ಇದು ಬಿಡುವಿನ ವೇಳೆಯ ಮಕ್ಕಳಾಟದಂತೆ ಕಾಣಬಹುದು. ಆದರೆ ಈ ಮೇಳದ ಹಿಂದೆ ಇಪ್ಪತ್ತೈದು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ, ಒಂದು ಗಂಭೀರ ಪ್ರಶ್ನೆಯೂ ಇದೆ. ಒಂದು ಜನಪ್ರಿಯ ಕೃತಿ ಹಳತಾದ ಮೇಲೆ ಅದರ ಕಸುಬು ಯಾರ ಕೈಯಲ್ಲಿ ಉಳಿಯುತ್ತದೆ? ಹಕ್ಕುಪತ್ರ ಇಟ್ಟುಕೊಂಡ ಕಂಪನಿಯ ಕೈಯಲ್ಲೋ, ಅದನ್ನು ಆಡಿ ಬೆಳೆದವರ ಕೈಯಲ್ಲೋ?

ಇಳಿಜಾರಿನ ಗುಟ್ಟು

ಸೆಗಾ ಕಂಪನಿ ತನ್ನ ‘ಮೆಗಾ ಡ್ರೈವ್’ ಯಂತ್ರವನ್ನು ಜಪಾನಿನಲ್ಲಿ ಬಿಡುಗಡೆ ಮಾಡಿದ್ದು 1988ರಲ್ಲಿ. ಮರುವರ್ಷ ಅದು ‘ಜೆನೆಸಿಸ್’ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಬಂತು. ಆಗ ಮನೆಮನೆಯ ಟಿ.ವಿ. ಪರದೆಯನ್ನು ಆಳುತ್ತಿದ್ದುದು ನಿಂಟೆಂಡೊ ಕಂಪನಿ. ಅದರ ಮುಖ ‘ಮಾರಿಯೊ’. ಅದಕ್ಕೆ ಎದುರಾಗಿ ನಿಲ್ಲುವ ಒಂದು ಮುಖ ಸೆಗಾಕ್ಕೆ ಬೇಕಿತ್ತು. ನಾವೊತೊ ಒಷಿಮಾ ಎಂಬ ಕಲಾವಿದ ರೂಪ ಬರೆದರು, ಯೂಜಿ ನಾಕಾ ಪ್ರೋಗ್ರಾಂ ಬರೆದರು, ಹಿರೊಕಾಜು ಯಸುಹಾರಾ ಆಟದ ಹಂತಗಳನ್ನು ರಚಿಸಿದರು. ಹಾಗೆ ಹುಟ್ಟಿದವನೇ ನೀಲಿ ಮೈಯ, ಕೆಂಪು ಬೂಟಿನ ಸೋನಿಕ್. ಹೆಜ್‌ಹಾಗ್ ಎಂದರೆ ಮೈತುಂಬ ಮುಳ್ಳಿರುವ, ಹೆದರಿದಾಗ ಉಂಡೆಯಾಗಿ ಸುತ್ತಿಕೊಳ್ಳುವ ಪುಟ್ಟ ಪ್ರಾಣಿ. ನಮ್ಮ ಕಾಡಿನ ಮುಳ್ಳುಹಂದಿಯ ಕುಲಕ್ಕೂ ಇದಕ್ಕೂ ಸಂಬಂಧವಿಲ್ಲ.

ಆಟ 1991ರ ಜೂನ್‌ನಲ್ಲಿ ಅಮೆರಿಕದ ಅಂಗಡಿಗಳಿಗೆ ಬಂತು. ಕೆಲವೇ ದಿನಗಳಲ್ಲಿ ಯಂತ್ರದ ಜೊತೆಗೇ ಅದನ್ನು ಕೊಡುವ ವ್ಯವಸ್ಥೆಯಾಗಿ, ಸೆಗಾ ನಿಂಟೆಂಡೊಗೆ ಸರಿಸಮನಾಗಿ ನಿಂತಿತು. ಭಾರತಕ್ಕೆ ಮೆಗಾ ಡ್ರೈವ್ ಅಧಿಕೃತವಾಗಿ ಬಂದದ್ದು 1995ರಲ್ಲಿ, ಶಾ ವಾಲೇಸ್ ಕಂಪನಿಯ ಮೂಲಕ. ಬೆಲೆ ಸುಮಾರು 18,000 ರೂಪಾಯಿ. ಅಂದಿನ ಮಧ್ಯಮ ವರ್ಗಕ್ಕೆ ಅದು ಕೈಗೆಟುಕದ ವಸ್ತು. ಹಾಗಾಗಿ ಈ ಆಟದ ಗೀಳು ನಮ್ಮಲ್ಲಿ ಅಮೆರಿಕ, ಯೂರೋಪ್, ಬ್ರೆಜಿಲ್‌ಗಳಲ್ಲಿ ಹರಡಿದಂತೆ ಹರಡಲಿಲ್ಲ.

ಈ ಆಟದಲ್ಲಿ ಅಂಥದ್ದೇನಿತ್ತು? ‘ವೇಗ’ ಎಂಬುದು ಎಲ್ಲರೂ ಹೇಳುವ ಉತ್ತರ. ವೇಗಕ್ಕಿಂತ ಮಿಗಿಲಾದದ್ದು ನೆಲದ ಜೊತೆ ಸೋನಿಕ್‌ಗಿದ್ದ ಸಂಬಂಧ. ಅಂದಿನ ಬಹುಪಾಲು ಆಟಗಳಲ್ಲಿ ನೆಲವೆಂದರೆ ಪೆಟ್ಟಿಗೆ ಜೋಡಿಸಿದಂತಹ ಮಟ್ಟಸ ಹಾಸು. ಸೋನಿಕ್‌ನಲ್ಲಿ ಗುಡ್ಡ, ತಗ್ಗು, ಪೂರ್ಣ ವೃತ್ತಾಕಾರದ ಸುತ್ತು ಇದ್ದವು. ನೆಲದ ಪ್ರತಿ ತುಣುಕಿಗೂ ಒಂದು ಕೋನದ ಸಂಖ್ಯೆ ನಿಗದಿಯಾಗಿತ್ತು. ಸೋನಿಕ್‌ನ ವೇಗವನ್ನು ಆ ಕೋನಕ್ಕೆ ಅನುಗುಣವಾಗಿ ಅಡ್ಡಕ್ಕೂ ಉದ್ದಕ್ಕೂ ಹಂಚಲಾಗುತ್ತಿತ್ತು. ಪ್ರೌಢಶಾಲೆಯಲ್ಲಿ ಕಲಿಸುವ ಸೈನ್, ಕೊಸೈನ್‌ಗಳ ಲೆಕ್ಕವೇ ಇದು. ಸೆಕೆಂಡಿಗೆ 60 ಬಾರಿ, 8 ಮೆಗಾಹರ್ಟ್ಸ್‌ಗಿಂತಲೂ ಕಡಿಮೆ ವೇಗದ ಪ್ರೊಸೆಸರ್ ಅದನ್ನು ಮಾಡಿ ಮುಗಿಸಬೇಕಿತ್ತು. ಇಡೀ ಆಟ ಅಡಕವಾಗಿದ್ದುದು 512 ಕಿಲೋಬೈಟ್‌ಗಳಲ್ಲಿ. ಇಂದಿನ ಮೊಬೈಲಿನ ಒಂದು ಛಾಯಾಚಿತ್ರ ಹಿಡಿಯುವ ಜಾಗಕ್ಕಿಂತ ಕಡಿಮೆ.

ಅಭಿಮಾನಿಗಳು ಆಟವನ್ನು ಬಿಚ್ಚಿ ನೋಡಿ ಕಂಡುಕೊಂಡ ಅಂಕಿಗಳು ಇನ್ನೂ ಸ್ವಾರಸ್ಯಕರ. ಗುಂಡಿ ಒತ್ತಿ ಹಿಡಿದರೆ ಸೋನಿಕ್‌ನ ವೇಗ ಸೆಕೆಂಡಿನ ಪ್ರತಿ ಅರವತ್ತನೆಯ ಭಾಗದಲ್ಲಿ ಹೆಚ್ಚುವುದು ಪರದೆಯ ಒಂದು ಚುಕ್ಕಿಯ 256 ಪಾಲುಗಳಲ್ಲಿ ಕೇವಲ 12 ಪಾಲು. ಮಟ್ಟಸ ನೆಲದ ಮೇಲೆ ಓಟದ ಗರಿಷ್ಠ ವೇಗವಾದ 6 ಚುಕ್ಕಿಗಳನ್ನು ಮುಟ್ಟಲು 2 ಸೆಕೆಂಡಿಗಿಂತ ತುಸು ಹೆಚ್ಚೇ ಬೇಕು. ವೇಗಕ್ಕೆ ಹೆಸರಾದವನು ಹೊರಡುವುದು ನಿಧಾನವಾಗಿಯೇ! ಅವನಿಗೆ ರಭಸ ಕೊಡುವುದು ಇಳಿಜಾರು. ಉಂಡೆಯಾಗಿ ಉರುಳುತ್ತ ಏರು ಹತ್ತುವಾಗ ಕಳೆಯುವ ವೇಗದ ಪ್ರಮಾಣ 20 ಪಾಲಾದರೆ, ಇಳಿಯುವಾಗ ಗಳಿಸುವುದು 80 ಪಾಲು. ನಿಸರ್ಗದಲ್ಲಿ ಹೀಗಿಲ್ಲ, ಏರಿಗೂ ಇಳಿತಕ್ಕೂ ಗುರುತ್ವ ಒಂದೇ. ಆಡುವವನ ಕೈಗೆ ಹಿತವಾಗಲೆಂದು ಇಲ್ಲಿ ನಾಲ್ಕರಷ್ಟು ರಿಯಾಯಿತಿ. ನೆಲವನ್ನು ಓದಲು ಕಲಿತವನು ಮಾತ್ರ ವೇಗವಾಗಿ ಹೋಗಬಲ್ಲ. ಆಟದ ಜೀವ ಇದ್ದುದು ಇಂಥ ಸಣ್ಣ ಸಂಖ್ಯೆಗಳಲ್ಲಿ.

ಕಂಪನಿ ಬಿಟ್ಟ ದಾರಿ

1992ರಲ್ಲಿ ಎರಡನೆಯ ಸೋನಿಕ್, 1993ರಲ್ಲಿ ‘ಸೋನಿಕ್ ಸಿ.ಡಿ.’, 1994ರಲ್ಲಿ ಮೂರನೆಯದು ಹಾಗೂ ಅದರ ಮುಂದುವರಿಕೆ ಬಂದವು. ಅನಂತರ ಉದ್ಯಮದ ಗಾಳಿ ಬದಲಾಯಿತು. ಎಲ್ಲ ಕಂಪನಿಗಳೂ ಮೂರು ಆಯಾಮದ ಆಟಗಳತ್ತ ಹೊರಳಿದವು. ಸೆಗಾ ಕೂಡ 1998ರ ಕೊನೆಯಲ್ಲಿ ‘ಡ್ರೀಮ್‌ಕಾಸ್ಟ್’ ಯಂತ್ರದೊಡನೆ ಮೂರು ಆಯಾಮದ ಸೋನಿಕ್‌ನನ್ನು ತಂದಿತು. ಎಡದಿಂದ ಬಲಕ್ಕೆ ಓಡುವ, ಇಳಿಜಾರನ್ನು ನೆಚ್ಚಿದ ಹಳೆಯ ಬಗೆಯ ಆಟ ಮನೆಯ ದೊಡ್ಡ ಯಂತ್ರಗಳಿಂದ ಮರೆಯಾಯಿತು. ಅದು ಬೇಕೆನ್ನುವವರು ತಾವೇ ಮಾಡಿಕೊಳ್ಳಬೇಕಾಯಿತು.

ಮಾಡಿಕೊಳ್ಳಲು ಉಪಕರಣಗಳೂ ಆ ಹೊತ್ತಿಗೆ ಸಿಕ್ಕಿದ್ದವು. ಫ್ರಾನ್ಸಿನ ಕ್ಲಿಕ್‌ಟೀಮ್ 1994ರಲ್ಲಿ ರೂಪಿಸಿದ ‘ಕ್ಲಿಕ್ ಅಂಡ್ ಪ್ಲೇ’ ಎಂಬ ತಂತ್ರಾಂಶ, ಪ್ರೋಗ್ರಾಮಿಂಗ್ ಅರಿಯದವರಿಗೂ ಆಟ ಕಟ್ಟುವ ದಾರಿ ತೋರಿತು. ಪ್ರೌಢಶಾಲೆಯ ಹುಡುಗರು ಹಳೆಯ ಆಟದ ಚಿತ್ರಗಳನ್ನು ಎತ್ತಿಕೊಂಡು ತಮ್ಮದೇ ಹಂತಗಳನ್ನು ಜೋಡಿಸತೊಡಗಿದರು. ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ ತನ್ನ ‘ಡೂಮ್’ ಆಟದ ಮೂಲ ಪ್ರೋಗ್ರಾಮನ್ನು 1997ರ ಡಿಸೆಂಬರ್‌ನಲ್ಲಿ ಸಾರ್ವಜನಿಕಗೊಳಿಸಿತು. ಅದರ ಅಡಿಪಾಯದ ಮೇಲೆ ‘ಸೋನಿಕ್ ರೋಬೊ ಬ್ಲಾಸ್ಟ್ 2’ ಎಂಬ ಹವ್ಯಾಸಿ ಆಟ 1998ರಲ್ಲಿ ಮೊಳೆಯಿತು. ಎರಡು ದಶಕ ಕಳೆದ ಮೇಲೂ, 2019ರ ಡಿಸೆಂಬರ್‌ನಲ್ಲಿ, ಅದರ ಒಂದು ದೊಡ್ಡ ಪರಿಷ್ಕರಣ ಬಂತು. ಸೆಗಾ ತಯಾರಿಸಿದ ಯಾವ ಯಂತ್ರವೂ ಅಷ್ಟು ಕಾಲ ಅದರ ಸ್ವಂತ ಕಾರ್ಖಾನೆಯ ಮುಂದುವರಿದ ಆರೈಕೆಯಲ್ಲಿ ಬಾಳಲಿಲ್ಲ.

ಈ ಬಿಡಿ ಪ್ರಯತ್ನಗಳಿಗೆ ಒಂದೇ ಅಂಗಳ ಒದಗಿಸಿದ್ದು 2000ದಲ್ಲಿ ಆರಂಭವಾದ ಸೇಜ್. ಕಾಲವನ್ನು ಗಮನಿಸಬೇಕು. 2001ರ ಜನವರಿ 31ರಂದು ಸೆಗಾ, ಡ್ರೀಮ್‌ಕಾಸ್ಟ್ ತಯಾರಿಕೆಯನ್ನು ನಿಲ್ಲಿಸಿ ಯಂತ್ರಗಳ ವ್ಯಾಪಾರದಿಂದಲೇ ಹೊರಬರುವುದಾಗಿ ಪ್ರಕಟಿಸಿತು. ಕಂಪನಿಯ ಮನೆ ಕುಸಿಯುತ್ತಿದ್ದ ಹೊತ್ತಿನಲ್ಲಿ ಅಭಿಮಾನಿಗಳ ಚಪ್ಪರ ಏಳುತ್ತಿತ್ತು.

ಮೇಳದಲ್ಲಿ ಬಂದದ್ದೆಲ್ಲ ಚಿನ್ನವೇನಲ್ಲ. ಅರ್ಧಕ್ಕೆ ನಿಂತ ಆಟಗಳೇ ಹೆಚ್ಚು. ಒಂದೇ ಹಂತದ ಮಾದರಿ ತೋರಿಸಿ, ಮುಂದಿನ ವರ್ಷ ಪೂರ್ತಿ ಆಟವೆಂದು ಹೇಳಿ, ಓದು, ಉದ್ಯೋಗ, ಸಂಸಾರಗಳ ನಡುವೆ ಕಾಣದಾದವರು ಅನೇಕರು. ಆದರೂ ನಿಗದಿತ ದಿನಕ್ಕೆ ಏನನ್ನಾದರೂ ಜನರ ಮುಂದೆ ಇಡಬೇಕೆಂಬ ಕಟ್ಟುಪಾಡು ಹವ್ಯಾಸಕ್ಕೆ ಶಿಸ್ತು ತಂದಿತು. ಆಡಿದವರು ತಪ್ಪು ಎತ್ತಿ ತೋರಿಸುತ್ತಿದ್ದರು. ಮಾಡಿದವರು ತಿದ್ದಿಕೊಂಡು ಮತ್ತೆ ಬರುತ್ತಿದ್ದರು. ಹೀಗೆ ಮೇಳ ಒಂದು ಗರಡಿಮನೆಯೂ ಆಯಿತು.

ಇದರ ಜೊತೆಯಲ್ಲೇ ಶೋಧನೆಯ ಇನ್ನೊಂದು ಕೆಲಸ ಸಾಗಿತ್ತು. ಸೆಗಾ ಹಳೆಯ ಆಟಗಳ ಮೂಲ ಪ್ರೋಗ್ರಾಮನ್ನು ಪ್ರಕಟಿಸಿರಲಿಲ್ಲ. ಅಭಿಮಾನಿಗಳು ಕಾರ್ಟ್ರಿಜ್‌ನಲ್ಲಿದ್ದ ಯಂತ್ರಭಾಷೆಯನ್ನು ಸಾಲುಸಾಲಾಗಿ ಬಿಡಿಸಿ, ಅರ್ಥ ಹಚ್ಚಿ, ಟಿಪ್ಪಣಿ ಬರೆದರು. ಹಳೆಯ ಶಾಸನದ ಅಕ್ಷರಗಳನ್ನು ಓದುವವರ ತಾಳ್ಮೆ ಅದಕ್ಕೆ ಬೇಕಿತ್ತು. 1992ರ ಎರಡನೆಯ ಆಟದಲ್ಲಿ ‘ಹಿಡನ್ ಪ್ಯಾಲೇಸ್’ ಎಂಬ ಹಂತವೊಂದು ಇರಬೇಕಾಗಿತ್ತು. ಬಿಡುಗಡೆಗೆ ಮುನ್ನ ಪತ್ರಿಕೆಗಳಲ್ಲಿ ಅದರ ಚಿತ್ರಗಳು ಬಂದಿದ್ದವು. ಆಟದಲ್ಲಿ ಮಾತ್ರ ಅದು ಇರಲಿಲ್ಲ. 1999ರಲ್ಲಿ ಆಟದ ಒಂದು ಅಪೂರ್ಣ ಕರಡು ಅಂತರಜಾಲದಲ್ಲಿ ಸಿಕ್ಕಿದಾಗ, ಅದರೊಳಗೆ ಆ ಕಳೆದುಹೋದ ಹಂತದ ಅವಶೇಷವೂ ಇತ್ತು. ಕವಿಯೊಬ್ಬನ ಕೈಬರಹದ ಮೊದಲ ಪ್ರತಿ ಸಿಕ್ಕಿದರೆ ವಿದ್ವಾಂಸರಿಗೆ ಆಗುವ ಸಂತೋಷ ಈ ಹುಡುಗರಿಗಾಯಿತು.

ಯಜಮಾನ ಮರೆತ ಲೆಕ್ಕ

2010ರ ಅಕ್ಟೋಬರ್‌ನಲ್ಲಿ ಸೆಗಾ ಹಳೆಯ ದಾರಿಗೆ ಮರಳುವ ಪ್ರಯತ್ನ ಮಾಡಿತು. ‘ಸೋನಿಕ್ 4’ರ ಮೊದಲ ಕಂತು ಬಂತು. ಚಿತ್ರ ಹೊಳೆಯುತ್ತಿತ್ತು, ಬಣ್ಣ ಹಳೆಯದರಂತೆಯೇ ಇತ್ತು. ಓಟ ಮಾತ್ರ ಬೇರೆಯಾಗಿತ್ತು. ಗುಂಡಿಯಿಂದ ಕೈ ತೆಗೆದರೆ ಓಡುತ್ತಿದ್ದ ಸೋನಿಕ್ ಗಕ್ಕನೆ ನಿಲ್ಲುತ್ತಿದ್ದ. ಕಡಿದಾದ ಗೋಡೆಯ ಮೇಲೂ ಬೀಳದೆ ನಿಲ್ಲುತ್ತಿದ್ದ. ಇಳಿಜಾರಿನ ಲೆಕ್ಕ ತಪ್ಪಿತ್ತು. ಅಭಿಮಾನಿಗಳು ಇದನ್ನು ಮೊದಲ ನಿಮಿಷದಲ್ಲೇ ಗುರುತಿಸಿದರು. ಹಕ್ಕುದಾರ ಕಂಪನಿ ಮರೆತದ್ದನ್ನು ಹವ್ಯಾಸಿಗಳು ಅಂಕಿಅಂಶ ಸಮೇತ ಬರೆದಿಟ್ಟುಕೊಂಡಿದ್ದರು.

ಆಗ ಮುಂದೆ ಬಂದವರು ಆಸ್ಟ್ರೇಲಿಯಾದ ಕ್ರಿಶ್ಚಿಯನ್ ವೈಟ್‌ಹೆಡ್. ‘ರೆಟ್ರೊ ಸೋನಿಕ್’ ಎಂಬ ಹವ್ಯಾಸಿ ಆಟಕ್ಕಾಗಿ ಇವರು ಹಳೆಯ ಓಟದ ನಡೆಯನ್ನು ಚಾಚೂ ತಪ್ಪದೆ ಅನುಸರಿಸುವ ಪ್ರೋಗ್ರಾಂ ವ್ಯವಸ್ಥೆಯೊಂದನ್ನು ಸ್ವಂತವಾಗಿ ಕಟ್ಟಿದ್ದರು. 2009ರಲ್ಲಿ ಅದೇ ವ್ಯವಸ್ಥೆಯಲ್ಲಿ ‘ಸೋನಿಕ್ ಸಿ.ಡಿ.’ ಆಟವನ್ನು ಐಫೋನ್ ಮೇಲೆ ಓಡಿಸಿ ತೋರಿಸಿದರು. 2011ರ ಕೊನೆಯಲ್ಲಿ ಸೆಗಾ ಇವರ ಆವೃತ್ತಿಯನ್ನೇ ಅಧಿಕೃತವಾಗಿ ಪ್ರಕಟಿಸಿತು. 2013ರಲ್ಲಿ ಮೊದಲೆರಡು ಆಟಗಳ ಮೊಬೈಲ್ ಆವೃತ್ತಿಗಳನ್ನೂ ವೈಟ್‌ಹೆಡ್, ಹವ್ಯಾಸಿ ವಲಯದವರೇ ಆದ ಸೈಮನ್ ಥಾಮ್ಲಿ ಜೊತೆ ಸೇರಿ ಸಿದ್ಧಪಡಿಸಿದರು. ಎರಡನೆಯ ಆಟದಲ್ಲಿ 21 ವರ್ಷಗಳ ಹಿಂದೆ ಕೈಬಿಟ್ಟಿದ್ದ ‘ಹಿಡನ್ ಪ್ಯಾಲೇಸ್’ ಹಂತ ಪೂರ್ಣಗೊಂಡು ಸ್ವಸ್ಥಾನಕ್ಕೆ ಮರಳಿತು.

2016ರ ಜುಲೈನಲ್ಲಿ, ಸೋನಿಕ್‌ನ 25ನೆಯ ವರ್ಷದ ಸಮಾರಂಭದಲ್ಲಿ, ‘ಸೋನಿಕ್ ಮೇನಿಯಾ’ ಎಂಬ ಹೊಸ ಆಟದ ಘೋಷಣೆಯಾಯಿತು. ವೈಟ್‌ಹೆಡ್, ಥಾಮ್ಲಿ, ಅವರ ಹವ್ಯಾಸಿ ಗೆಳೆಯರ ತಂಡಗಳೇ ಅದರ ತಯಾರಕರು. ಹಳೆಯ ಸೋನಿಕ್ ಹಾಡುಗಳನ್ನು ತಮ್ಮದೇ ರೀತಿಯಲ್ಲಿ ನುಡಿಸಿ ಅಂತರಜಾಲದಲ್ಲಿ ಹಂಚುತ್ತಿದ್ದ ಟೀ ಲೋಪೆಸ್ ಸಂಗೀತ ಕೊಟ್ಟರು. 2017ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಆಟವನ್ನು ವಿಮರ್ಶಕರು ಹಲವು ವರ್ಷಗಳಲ್ಲಿ ಬಂದ ಅತ್ಯುತ್ತಮ ಸೋನಿಕ್ ಎಂದು ಕೊಂಡಾಡಿದರು. ಒಂದು ವರ್ಷ ತುಂಬುವುದರೊಳಗೆ 10 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಕಂಪನಿಯ ಅಂಗಳದ ಹೊರಗೆ ನಿಂತು ಕಲಿತವರು ಒಳಗೆ ಬಂದು ಕಂಪನಿಗೇ ಅದರ ಕಸುಬನ್ನು ನೆನಪಿಸಿಕೊಟ್ಟರು.

ಕೃಪೆಯೇ ಹೊರತು ಹಕ್ಕಲ್ಲ

ಎಲ್ಲ ಹವ್ಯಾಸಿಗಳಿಗೂ ಈ ಭಾಗ್ಯ ಸಿಗಲಿಲ್ಲ. ಮೇನಿಯಾದ ಘೋಷಣೆಯಾಗಿ ಹದಿನೈದು ದಿನಗಳಾಗಿತ್ತು. ಅರ್ಜೆಂಟೀನಾದ ಮಿಲ್ಟನ್ ಗುವಾಸ್ಟಿ ಎಂಬುವರು ನಿಂಟೆಂಡೊದ 1991ರ ‘ಮೆಟ್ರಾಯ್ಡ್ 2’ ಆಟವನ್ನು ಹಲವು ವರ್ಷ ದುಡಿದು ಹೊಸದಾಗಿ ಕಟ್ಟಿ, 2016ರ ಆಗಸ್ಟ್ 6ರಂದು ಉಚಿತವಾಗಿ ಬಿಡುಗಡೆ ಮಾಡಿದರು. ಕೆಲವೇ ದಿನಗಳಲ್ಲಿ ನಿಂಟೆಂಡೊದಿಂದ ಕಾನೂನಿನ ನೋಟಿಸುಗಳು ಬಂದವು, ಆಟವನ್ನು ಹಿಂತೆಗೆಯಬೇಕಾಯಿತು. ಮರುವರ್ಷ ನಿಂಟೆಂಡೊ ಅದೇ ಆಟದ ತನ್ನದೇ ಹೊಸ ಆವೃತ್ತಿಯನ್ನು ಮಾರುಕಟ್ಟೆಗೆ ತಂದಿತು. ಗುವಾಸ್ಟಿಯ ಪ್ರತಿಭೆಯನ್ನು ಬೇರೊಂದು ಸಂಸ್ಥೆ ಗುರುತಿಸಿತು. 2020ರಲ್ಲಿ ಬಂದ ‘ಓರಿ ಅಂಡ್ ದ ವಿಲ್ ಆಫ್ ದ ವಿಸ್ಪ್ಸ್’ ಎಂಬ ಮೆಚ್ಚುಗೆ ಪಡೆದ ಆಟದ ಹಂತಗಳ ರಚನೆಯಲ್ಲಿ ಅವರು ಪಾಲ್ಗೊಂಡರು.

ಸೆಗಾದ ಔದಾರ್ಯಕ್ಕೂ ಮಿತಿಯಿತ್ತು. ಅದರ ‘ಸ್ಟ್ರೀಟ್ಸ್ ಆಫ್ ರೇಜ್’ ಎಂಬ ಇನ್ನೊಂದು ಹಳೆಯ ಸರಣಿಯನ್ನು ಸ್ಪೇನಿನ ಹವ್ಯಾಸಿ ತಂಡವೊಂದು ಎಂಟು ವರ್ಷ ಶ್ರಮಿಸಿ ಪುನಾರಚಿಸಿ, 2011ರ ಏಪ್ರಿಲ್‌ನಲ್ಲಿ ಉಚಿತವಾಗಿ ಹಂಚಿತು. ಕೆಲವೇ ದಿನಗಳಲ್ಲಿ ಸೆಗಾ ಅದನ್ನು ತೆಗೆಸಿತು. ವೈಟ್‌ಹೆಡ್ ಅವರ ‘ಸೋನಿಕ್ ಸಿ.ಡಿ.’ಗೆ ಅಧಿಕೃತ ಮುದ್ರೆ ಬಿದ್ದದ್ದೂ ಅದೇ ವರ್ಷ. ಒಂದೇ ಕಂಪನಿ, ಒಂದೇ ವರ್ಷ, ಎರಡು ಮುಖ. ಹಣ ಮಾಡದಿದ್ದರೆ ಸೋನಿಕ್‌ನ ಅಭಿಮಾನಿ ಕೃತಿಗಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲವೆಂದು ಕಂಪನಿಯ ಪ್ರತಿನಿಧಿಗಳು 2021ರಲ್ಲಿ ಬಹಿರಂಗವಾಗಿಯೇ ಹೇಳಿದರು. ‘ಸಾಮಾನ್ಯವಾಗಿ’ ಎಂಬ ಪದದಲ್ಲೇ ಎಲ್ಲವೂ ಇದೆ. ಸೇಜ್ ನಡೆಯುವುದು ಯಜಮಾನನ ಕೃಪೆಯಿಂದ. ಯಜಮಾನನ ಮನಸ್ಸು ಬದಲಾದರೆ, ಅಥವಾ ಯಜಮಾನನೇ ಬದಲಾದರೆ, ಮಳಿಗೆಗಳಿಗೆ ರಕ್ಷಣೆ ಎಲ್ಲಿದೆ?

ಈ ಅನಿಶ್ಚಿತತೆಯೇ ಕೆಲವರನ್ನು ಸ್ವಂತ ದಾರಿಗೆ ಹಚ್ಚಿತು. ಸೋನಿಕ್‌ನ ಅಭಿಮಾನಿ ಆಟವಾಗಿ ಆರಂಭವಾದ ‘ಫ್ರೀಡಮ್ ಪ್ಲಾನೆಟ್’, ಸ್ವಂತ ಪಾತ್ರಗಳನ್ನು ಪಡೆದು 2014ರಲ್ಲಿ ಮಾರುಕಟ್ಟೆಗೆ ಬಂತು. ಹವ್ಯಾಸಿ ಸೋನಿಕ್ ಆಟಗಳಿಂದ ಹೆಸರಾದ ಬ್ರೆಜಿಲ್‌ನ ಫೆಲಿಪೆ ಡಾನೆಲುಜ್ 2017ರಲ್ಲಿ ‘ಸ್ಪಾರ್ಕ್ ದ ಎಲೆಕ್ಟ್ರಿಕ್ ಜೆಸ್ಟರ್’ ತಂದರು. ಸೇಜ್ ಕೂಡ ಸೋನಿಕ್‌ಗೆ ಸಂಬಂಧಿಸದ ಸ್ವತಂತ್ರ ಆಟಗಳಿಗೆ ಬಾಗಿಲು ತೆರೆಯಿತು. ಅನುಕರಣೆಯಿಂದ ಕೈ ಪಳಗಿಸಿಕೊಂಡು ಸ್ವಂತಿಕೆಗೆ ಬರುವುದು ಸಂಗೀತ, ಶಿಲ್ಪ, ಕಾವ್ಯಗಳಲ್ಲೆಲ್ಲ ಕಾಣುವ ಹಳೆಯ ಕ್ರಮ. ವಿಡಿಯೋ ಗೇಮಿಗೂ ಅದೇ ಕ್ರಮ ಅನ್ವಯವಾಯಿತು.

ಉಳಿಸುವವರು ಯಾರು?

ಈ ಪ್ರಶ್ನೆಯ ವಿಸ್ತಾರ ಒಂದು ಆಟಕ್ಕಿಂತ ದೊಡ್ಡದು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡ 87ರಷ್ಟು ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ. ಗ್ರಂಥಾಲಯಗಳು ಇಂತಹ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ಒದಗಿಸಲು ಅನುಮತಿ ಕೋರಿದವು. ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ 2024ರ ಅಕ್ಟೋಬರ್‌ನಲ್ಲಿ ಅದನ್ನು ನಿರಾಕರಿಸಿತು.

ಸೋನಿಕ್‌ನಂಥ ಪ್ರಸಿದ್ಧ ಆಟವೂ ಇದಕ್ಕೆ ಪೂರ್ತಿ ಹೊರತಲ್ಲ. 2022ರಲ್ಲಿ ‘ಸೋನಿಕ್ ಒರಿಜಿನ್ಸ್’ ಎಂಬ ಸಂಪುಟವನ್ನು ತರುವಾಗ ಸೆಗಾ ಹಳೆಯ ಬಿಡಿ ಆವೃತ್ತಿಗಳನ್ನು ಅನೇಕ ಡಿಜಿಟಲ್ ಅಂಗಡಿಗಳಿಂದ ಹಿಂತೆಗೆದುಕೊಂಡಿತು. ಹೊಸ ಸಂಪುಟದಲ್ಲಿ ಮೂರನೆಯ ಆಟದ ಕೆಲವು ಹಾಡುಗಳ ಜಾಗಕ್ಕೆ ಬೇರೆ ಸಂಗೀತ ಬಂದಿತ್ತು. ಮೂಲ ಹೇಗಿತ್ತೆಂದು ಕೇಳಬೇಕಾದವರು ಹಳೆಯ ಕಾರ್ಟ್ರಿಜ್ ಹುಡುಕಬೇಕು, ಇಲ್ಲವೇ ಅಭಿಮಾನಿಗಳ ದಾಖಲೆಗಳಿಗೆ ಮೊರೆಹೋಗಬೇಕು.

ಸಂಸ್ಥೆಯ ಹೆಸರಿನಲ್ಲಿ ಪ್ರಕಟವಾದ ಕೃತಿಯ ಹಕ್ಕುಸ್ವಾಮ್ಯ ಜಪಾನಿನಲ್ಲಿ 70 ವರ್ಷ, ಅಮೆರಿಕದಲ್ಲಿ 95 ವರ್ಷ. 1991ರ ಸೋನಿಕ್ ಅಲ್ಲಿ 2061ರ ಕೊನೆಯವರೆಗೆ, ಇಲ್ಲಿ 2086ರ ಕೊನೆಯವರೆಗೆ ಕಂಪನಿಯ ಸೊತ್ತು. ಹತ್ತು ವರ್ಷದ ಬಾಲಕನಾಗಿ ಆ ಆಟವನ್ನು ಮೊದಲು ಆಡಿದವನಿಗೆ 2061ರಲ್ಲಿ 80 ವರ್ಷ. ಅದು ಎಲ್ಲರ ಸೊತ್ತಾಗುವ ಹೊತ್ತಿಗೆ ಅದನ್ನು ಓಡಿಸುವ ಯಂತ್ರಗಳು ಬಹುಪಾಲು ಕೆಟ್ಟಿರುತ್ತವೆ. ಹೇಗೆ ಓಡಬೇಕೆಂಬ ಲೆಕ್ಕ ಎಲ್ಲಿಯಾದರೂ ಬರೆದಿಟ್ಟಿದ್ದರೆ ಮಾತ್ರ ಆ ಹಕ್ಕಿಗೆ ಅರ್ಥ.

ಹವ್ಯಾಸಿಗಳ ಉಗ್ರಾಣವೂ ಭದ್ರವಾದದ್ದೇನಲ್ಲ. ಆರಂಭಕಾಲದ ಅಭಿಮಾನಿ ಪುಟಗಳಲ್ಲಿ ಅನೇಕವು ‘ಜಿಯೊಸಿಟೀಸ್’ನಂಥ ಉಚಿತ ತಾಣಗಳಲ್ಲಿದ್ದವು. 2009ರಲ್ಲಿ ಯಾಹೂ ಅದನ್ನು ಮುಚ್ಚಿದಾಗ ಅಲ್ಲಿದ್ದ ಎಷ್ಟೋ ಪುಟಗಳು ಅಳಿದವು. ವಿಂಡೋಸ್ ಬದಲಾದಂತೆ ಹಳೆಯ ಅಭಿಮಾನಿ ಆಟಗಳು ತೆರೆಯುವುದೂ ಕಷ್ಟ. ಹಳೆಯ ಆಟವನ್ನು ಉಳಿಸಿದವರ ಸ್ವಂತ ಕೃತಿಗಳನ್ನು ಉಳಿಸಲು ಇನ್ನೊಂದು ತಲೆಮಾರಿನ ಹವ್ಯಾಸಿಗಳು ಬೇಕಾಗಿದ್ದಾರೆ.

ವಿಡಿಯೋ ಗೇಮ್ ಉದ್ಯಮದ ಅತಿದೊಡ್ಡ ವಾರ್ಷಿಕ ಮೇಳವಾಗಿದ್ದ ‘ಇ3’ 1995ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭವಾಯಿತು. ಕೋಟಿಗಟ್ಟಲೆ ಡಾಲರ್ ಖರ್ಚಿನ ಮಳಿಗೆಗಳಿಗೆ ಹೆಸರಾದ ಆ ಮೇಳವನ್ನು ಶಾಶ್ವತವಾಗಿ ನಿಲ್ಲಿಸಿರುವುದಾಗಿ 2023ರ ಡಿಸೆಂಬರ್‌ನಲ್ಲಿ ಪ್ರಕಟಣೆ ಬಂತು. ಕಂಪನಿಗಳಿಗೆ ಅದರಿಂದ ಲಾಭವಿಲ್ಲವೆನಿಸಿತು, ಮೇಳ ಮುಗಿಯಿತು. 2024ರಲ್ಲಿ ಸೇಜ್ ಎಂದಿನಂತೆ ನಡೆಯಿತು. ಲಾಭದ ಲೆಕ್ಕವನ್ನು ಮೊದಲಿನಿಂದಲೂ ಇಟ್ಟುಕೊಳ್ಳದವರಿಗೆ ನಷ್ಟದ ಭಯವೂ ಇರಲಿಲ್ಲ. ಅವರು ಇಟ್ಟುಕೊಂಡ ಲೆಕ್ಕ ಒಂದೇ: ಏರಿಗೆ 20, ಇಳಿತಕ್ಕೆ 80.